ಮಣ್ಣು ಮೇಲಕ್ಕೆ ಹತ್ತುತ್ತದೆ, ತುಕ್ಕು ಕೆಳಕ್ಕೆ ಇಳಿಯುತ್ತದೆ: ಚಾಕ್ ಪೇಸ್ಟಲ್‌ನಲ್ಲಿ ಪುಟಾಣಿ ಜೀಪನ್ನು ಹಳೇದು ಮಾಡುವುದು

ಪ್ಲಾಸ್ಟಿಕ್ ಮಾಡೆಲ್ ಕಿಟ್ ಜೋಡಿಸಿ, ಬಣ್ಣ ಹೊಡೆದು, ಒಣಗಿಸಿ ಮೇಜಿನ ಮೇಲಿಟ್ಟಾಗ ನನ್ನ ಮೊದಲನೇ ಜೀಪು ಹೇಗಿತ್ತು ಅಂದರೆ, ಈಗ ತಾನೆ ದೇವಸ್ಥಾನದ ಮುಂದೆ ಪೂಜೆ ಮಾಡಿಸಿ ತಂದ ಗಾಡಿ ಥರ. ಚಕ್ರದ ಕೆಳಗೆ ನಿಂಬೆಹಣ್ಣು ಇಡುವುದೊಂದೇ ಬಾಕಿ. ಜೋಡಣೆ ಸರಿಯಾಗಿತ್ತು, ಬಣ್ಣವೂ ಸರಿಯಾಗಿತ್ತು, ಆದರೂ ಆಟದ ಸಾಮಾನಿನ ಹಾಗೇ ಕಾಣುತ್ತಿತ್ತು. ಚಿಕ್ಕಮಗಳೂರಿನಲ್ಲಿ ಅಷ್ಟು ಚೊಕ್ಕವಾದ ತೋಟದ ಜೀಪನ್ನು ನಾನಂತೂ ನೋಡಿಲ್ಲ. ನೀವು ನೋಡಿದ್ದರೆ, ಓನರ್ ಅದನ್ನು ಮಾರುವುದಕ್ಕೆ ಅಂತ ತೊಳೆಸಿರಬೇಕು.

ಆ ಹೊಸತನ ತೆಗೆಯುವ ಅಗ್ಗದ ದಾರಿ ಚಾಕ್ ಪೇಸ್ಟಲ್, ಅಂದರೆ ಸೀಮೆಸುಣ್ಣದಂಥ ಬಣ್ಣದ ಕಡ್ಡಿ, ಉಜ್ಜಿ ಪುಡಿ ಮಾಡಿ ಬಳಸುವುದು. ಬಿಸಿಲು, ಮಳೆ, ಧೂಳು, ಹೊಗೆ ಸೇರಿ ಒಂದು ಗಾಡಿಗೆ ಹತ್ತು ವರ್ಷದಲ್ಲಿ ಮಾಡುವುದನ್ನು ನಾವು ಎರಡು ಸಂಜೆಯಲ್ಲಿ ಬ್ರಷ್ ಹಿಡಿದು ಮಾಡುವುದು. ಮಾಡೆಲ್ ಮಾಡುವವರು ಇದಕ್ಕೆ ವೆದರಿಂಗ್ ಅನ್ನುತ್ತಾರೆ. ಇದಕ್ಕೆಂದೇ ರೆಡಿಮೇಡ್ ಪುಡಿ ಡಬ್ಬಿಗಳು ಸಿಗುತ್ತವೆ, ಟಾಮಿಯಾ ಅನ್ನುವ ಜಪಾನಿನ ಮಾಡೆಲ್ ಕಂಪನಿಯವರದ್ದಂತೂ ಮೇಕಪ್ ಡಬ್ಬಿಯ ಹಾಗೇ ಇರುತ್ತದೆ, ಸ್ಪಂಜು ಸಮೇತ. ಚೆನ್ನಾಗಿಯೇ ಇವೆ. ಆದರೆ ತರಿಸಬೇಕು, ದುಡ್ಡು ಜಾಸ್ತಿ, ಕಲಿಯುವಾಗ ಚೆಲ್ಲಿದರೆ ಹೊಟ್ಟೆ ಉರಿಯುತ್ತದೆ. ಪೇಸ್ಟಲ್ ಹಾಗಲ್ಲ. ಸರಿ ಬರಲಿಲ್ಲ ಅಂದರೆ ಒದ್ದೆ ಬ್ರಷ್‌ನಲ್ಲಿ ತೊಳೆದು ಮತ್ತೆ ಶುರು ಮಾಡಬಹುದು.

ನಾನು ಇಲ್ಲಿ ಮಾಡಿರುವುದು ಟಾಮಿಯಾದ 1/35 ವಿಲ್ಲಿಸ್ ಜೀಪು, ಅಂದರೆ ನಿಜವಾದ ಗಾಡಿಯ ಮೂವತ್ತೈದನೇ ಒಂದು ಪಾಲು. ಒಂಬತ್ತೂವರೆ ಸೆಂಟಿಮೀಟರ್ ಉದ್ದ, ಅಂಗೈಯಲ್ಲಿ ಕೂರುತ್ತದೆ. ಇದು ಎರಡನೇ ಮಹಾಯುದ್ಧದ ಕಾಲದ ಗಾಡಿ, ಸ್ಟೇರಿಂಗ್ ಎಡಕ್ಕಿದೆ, ಮುಂದಿನ ಗ್ರಿಲ್‌ನಲ್ಲಿ 9 ಸೀಳು. ನಮ್ಮ ಕಡೆ ತೋಟಗಳಲ್ಲಿ ಓಡುವ ಹಳೇ ಮಹೀಂದ್ರಕ್ಕೆ ಸ್ಟೇರಿಂಗ್ ಬಲಕ್ಕೆ, ಸೀಳು 7. ಅದು ನನಗೂ ಗೊತ್ತು, ಬದಲಾಯಿಸುವ ತಾಳ್ಮೆ ಇರಲಿಲ್ಲ, ಬಯ್ಯಬೇಡಿ. ನೀವು ಲಾರಿ ಮಾಡಿ, ರೈಲು ಡಬ್ಬಿ ಮಾಡಿ, ಟ್ಯಾಂಕ್ ಮಾಡಿ, ಕೆಲಸ ಇದೇ.

ಮೊದಲು ಬೀದಿಗೆ ಹೋಗಿ ಒಂದು ಗಾಡಿ ನೋಡಿ

ಪುಡಿ, ಬ್ರಷ್ಷು ಎಲ್ಲ ಆಮೇಲೆ. ಮೊದಲು ಅರ್ಧ ಗಂಟೆ ಒಂದು ನಿಜವಾದ ಗಾಡಿ ನೋಡಿ. ನಾನು ಒಂದು ಹಾರ್ಡ್‌ವೇರ್ ಅಂಗಡಿ ಮುಂದೆ ನಿಂತಿದ್ದ ಜೀಪಿನ ಸುತ್ತ ಮೂರು ಸುತ್ತು ಹಾಕಿ ಫೋಟೊ ತೆಗೆಯುತ್ತಿದ್ದೆ. ಡ್ರೈವರ್ ಬಂದು "ಏನ್ ಸಾರ್, ಗಾಡಿ ತಗೋತೀರಾ?" ಅಂದ. "ಇಲ್ಲ ಅಣ್ಣ, ಕೊಳೆ ನೋಡ್ತಿದ್ದೀನಿ" ಅಂದೆ. "ಹಂಗಾದ್ರೆ ತೊಳ್ದೇ ಕೊಡಿ" ಅಂದುಬಿಟ್ಟ.

ಅಲ್ಲಿ ಕಂಡದ್ದು ಇಷ್ಟು. ಬಾನೆಟ್ ಮೇಲೆ ತೆಳು ಧೂಳು, ಅದೂ ಅಂಚಿನಲ್ಲಿ ಜಾಸ್ತಿ, ನಡುವೆ ಕಡಿಮೆ, ಯಾಕಂದರೆ ನಡುವೆ ಜನ ಕೈ ಇಡುತ್ತಾರೆ, ಒರಗುತ್ತಾರೆ. ಚಕ್ರದ ಹಿಂದೆ ಮಣ್ಣು ಬೀಸಣಿಗೆ ಬಿಚ್ಚಿದ ಹಾಗೆ ಎರಚಿಕೊಂಡಿದೆ. ಕೆಳಗೆ ದಪ್ಪ, ಮೇಲೆ ಹೋಗುತ್ತಾ ಚುಕ್ಕೆ ಚುಕ್ಕೆ. ಡ್ರೈವರ್ ಹತ್ತಿ ಇಳಿಯುವ ಕಡೆ ಪ್ಯಾಂಟು ಉಜ್ಜಿ ಉಜ್ಜಿ ಬಣ್ಣ ಹೋಗಿ ತಗಡು ಹೊಳೆಯುತ್ತಿದೆ, ಆಚೆ ಕಡೆ ಅಷ್ಟಿಲ್ಲ. ಗಾಜಿನ ಮೇಲೆ ವೈಪರ್ ತಿರುಗಿದಷ್ಟು ಜಾಗ ಮಾತ್ರ ಸ್ವಚ್ಛ. ಗಾಜಿನ ಕೆಳಗಿನ ರಬ್ಬರ್ ಪಟ್ಟಿ ಹತ್ತಿರ ಬಾಗಿ ನೋಡಿದರೆ ದಾರದಷ್ಟು ಸಣ್ಣ ಹಸಿರು ಗೆರೆ: ಪಾಚಿ. ನಮ್ಮ ಮಳೆಗೆ ನಿಂತ ಗಾಡಿಗೂ ಪಾಚಿ ಕಟ್ಟುತ್ತದೆ. ಹೊರಗಿನವರ ವೆದರಿಂಗ್ ವಿಡಿಯೋಗಳಲ್ಲಿ ಮರುಭೂಮಿ ಧೂಳೇ ಜಾಸ್ತಿ, ಈ ಹಸಿರು ಗೆರೆ ಕಾಣುವುದು ಅಪರೂಪ.

ಇನ್ನೊಂದು ವಿಷಯ ನಮ್ಮ ಕಡೆಯವರೇ ಗಮನಿಸಬೇಕಾದ್ದು. ಇಲ್ಲಿನ ಮಣ್ಣು ಕೆಂಪು. ಕೆಮ್ಮಣ್ಣುಗುಂಡಿ ಅಂತ ಊರಿಗೆ ಹೆಸರೇ ಇದೆಯಲ್ಲ. ಆ ಕೆಂಪಿಗೆ ಕಾರಣ ಮಣ್ಣಿನಲ್ಲಿರುವ ಕಬ್ಬಿಣದ ಆಕ್ಸೈಡ್, ತುಕ್ಕು ಅಂದರೂ ಅದರ ದಾಯಾದಿಯೇ. ಹಾಗಾಗಿ ಮಾಡೆಲ್ ಮೇಲೆ ಎರಡನ್ನೂ ಒಂದೇ ಕಂದುಗೆಂಪಿನಲ್ಲಿ ಬಳಿದರೆ ಯಾವುದು ಮಣ್ಣು, ಯಾವುದು ತುಕ್ಕು ಗೊತ್ತಾಗುವುದಿಲ್ಲ, ಜೀಪು ಸುಮ್ನೆ ಇಟ್ಟಿಗೆ ಗೂಡಿನಿಂದ ಎದ್ದು ಬಂದ ಹಾಗೆ ಕಾಣುತ್ತದೆ. ನನ್ನ ಎರಡನೇ ಜೀಪು ಹೀಗೇ ಹಾಳಾಯಿತು. ಮಣ್ಣು ಚಕ್ರದಿಂದ ಎದ್ದು ಮೇಲಕ್ಕೆ ಹತ್ತುತ್ತದೆ, ಬಣ್ಣ ತಿಳಿ, ಅಂಚು ಮಬ್ಬು. ತುಕ್ಕು ಬೋಲ್ಟ್, ಕೀಲು, ಗೀರು ಇದ್ದಲ್ಲಿ ಹುಟ್ಟಿ ಮಳೆನೀರಿನ ಜೊತೆ ಕೆಳಕ್ಕೆ ಇಳಿಯುತ್ತದೆ, ಬಣ್ಣ ಗಾಢ, ಜಾಗ ಚಿಕ್ಕದು. ಕೆಲಸ ಮಾಡುವಾಗ ಪೂರ್ತಿ ಇದೊಂದನ್ನು ತಲೆಯಲ್ಲಿ ಇಟ್ಟುಕೊಳ್ಳಿ, ಮಿಕ್ಕಿದ್ದು ಕೈ ಅಭ್ಯಾಸ.

ಸಾಮಾನು

ಅಂಗಡಿಗೆ ಹೋಗಿ "ಪೇಸ್ಟಲ್ ಕೊಡಿ" ಅಂದರೆ ಹತ್ತಕ್ಕೆ ಒಂಬತ್ತು ಸಲ ಕೈಗೆ ಬರುವುದು ಆಯಿಲ್ ಪೇಸ್ಟಲ್, ಮಕ್ಕಳು ಸ್ಕೂಲಿಗೆ ಒಯ್ಯುವುದು. ಅದು ಬೇಡ. ಅದರಲ್ಲಿ ಎಣ್ಣೆ, ಮೇಣ ಇರುತ್ತದೆ, ಪುಡಿಯಾಗುವುದಿಲ್ಲ. ನಮಗೆ ಬೇಕಾದದ್ದು ಚಾಕ್ ಪೇಸ್ಟಲ್, ಅದಕ್ಕೇ ಸಾಫ್ಟ್ ಪೇಸ್ಟಲ್ ಅಂತಲೂ ಅನ್ನುತ್ತಾರೆ, ಅಂದರೆ ಬಣ್ಣ ಮತ್ತು ಸೀಮೆಸುಣ್ಣದಂಥ ಪುಡಿಯನ್ನು ಸ್ವಲ್ಪವೇ ಗೋಂದು ಹಾಕಿ ಕಡ್ಡಿ ಮಾಡಿರುವುದು. ಡಬ್ಬಿ ಮೇಲೆ ಏನು ಬರೆದಿದ್ದರೂ ಉಗುರಿನಿಂದ ಗೀರಿ ನೋಡಿ. ಪುಡಿ ಉದುರಿದರೆ ಸರಿ, ಬೆಣ್ಣೆ ಥರ ಸುರುಳಿ ಬಂದರೆ ವಾಪಸ್ ಕೊಡಿ. ಮುಂಗ್ಯೋ ಅಂತ ಕೊರಿಯಾದ ಕಂಪನಿಯ ಅರ್ಧ ಕಡ್ಡಿಗಳ ಸೆಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ, ಫೇಬರ್ ಕ್ಯಾಸಲ್‌ನದ್ದೂ ಇದೆ. ದೊಡ್ಡ ಸೆಟ್ ಬೇಡ. ನಾವು ಬಳಸುವುದು ಕಂದು, ಹಳದಿ ಮಣ್ಣಿನ ಬಣ್ಣ, ಇಟ್ಟಿಗೆ ಕೆಂಪು, ಕಿತ್ತಳೆ, ಬೂದು, ಬಿಳಿ, ಕಪ್ಪು, ಒಂದು ಮಂಕು ಹಸಿರು, ಅಷ್ಟೇ. ಗುಲಾಬಿ, ನೀಲಿ ಕಡ್ಡಿಗಳು ನನ್ನ ಮನೆಯಲ್ಲಿ ಇನ್ನೂ ಹಾಗೇ ಇವೆ.

ಇದರ ಜೊತೆ ನಮ್ಮ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೇ ಒಂದು ನಿಧಿ ಇದೆ. ಹಳೇ ಮನೆಗಳ ಕೆಂಪು ನೆಲಕ್ಕೆ ಹಾಕುವ ರೆಡ್ ಆಕ್ಸೈಡ್ ಪುಡಿ. ಹಳದಿ, ಕಪ್ಪು ಆಕ್ಸೈಡೂ ಸಿಗುತ್ತದೆ. ಅದು ಅಪ್ಪಟ ಕಬ್ಬಿಣದ ಆಕ್ಸೈಡ್ ಬಣ್ಣ, ತುಂಬಾ ನುಣುಪು, ತುಂಬಾ ಖಾರ: ಚಿಟಿಕೆ ಹಾಕಿದರೆ ಸಾಕು. ಹೆಚ್ಚಾದರೆ ಜೀಪು ಹೋಗಿ ಅಜ್ಜಿಮನೆ ಜಗಲಿ ಆಗುತ್ತದೆ. ಯಾವಾಗಲೂ ಬಿಳಿ ಸೀಮೆಸುಣ್ಣದ ಪುಡಿಯಲ್ಲಿ ಬೆರೆಸಿ ತಿಳಿ ಮಾಡಿಕೊಂಡೇ ಬಳಸಿ. ಕೈಗೆ, ಬಟ್ಟೆಗೆ, ಮೇಜಿನ ಬಟ್ಟೆಗೆ ಹತ್ತಿದರೆ ಹೋಗುವುದಿಲ್ಲ, ಮನೆಯವರಿಂದ ಬೈಸಿಕೊಂಡ ಅನುಭವದಿಂದ ಹೇಳುತ್ತಿದ್ದೇನೆ.

ಅಡುಗೆಮನೆಗೆ ಕೈ ಹಾಕಬೇಡಿ. ಅರಿಶಿನ ಬಿಸಿಲಿಗೆ ಬಣ್ಣ ಬಿಡುತ್ತದೆ. ಕಾಫಿ ಪುಡಿ ಹಾಕಿ ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ, ಚಿಕ್ಕಮಗಳೂರು ಅಂದಮೇಲೆ ಹೇಳದೆ ಇರುತ್ತಾರಾ. ಆದರೆ ಅದರಲ್ಲಿ ಎಣ್ಣೆ ಇದೆ, ತೇವ ಎಳೆಯುತ್ತದೆ, ಮಳೆಗಾಲದಲ್ಲಿ ಬೂಷ್ಟು ಬರುತ್ತದೆ. ಫಿಲ್ಟರಿಗೇ ಹಾಕಿ. ತೋಟದ ನಿಜವಾದ ಮಣ್ಣು? ಹಾಕಬಹುದು, ಚೆನ್ನಾಗಿ ಒಣಗಿಸಿ, ಹಳೇ ಬಾಣಲೆಯಲ್ಲಿ ಬಿಸಿ ಮಾಡಿ, ಪಂಚೆ ಬಟ್ಟೆಯಲ್ಲಿ ಎರಡು ಸಲ ಸೋಸಿದರೆ. ನಾನು ಕೆಸರಿಗೆ ಮಾತ್ರ ಬಳಸುತ್ತೇನೆ.

ಮಿಕ್ಕಿದ್ದು: 220 ನಂಬರಿನ ಉಪ್ಪು ಕಾಗದ, ಎರಡು ಮೂರು ಹಳೇ ಮೆತ್ತನೆ ಬ್ರಷ್, ಒಂದು ಗಿಡ್ಡ ಕೂದಲಿನ ಗಡಸು ಬ್ರಷ್, ಕಿವಿಗೆ ಹಾಕುವ ಹತ್ತಿ ಕಡ್ಡಿ, ಹಲ್ಲುಕಡ್ಡಿ, ಹಳೇ ಟೂತ್‌ಬ್ರಷ್, 6ಬಿ ಪೆನ್ಸಿಲ್, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ, ಮ್ಯಾಟ್ (ಹೊಳಪಿಲ್ಲದ) ವಾರ್ನಿಷ್, ಮೂಗಿಗೆ ಮಾಸ್ಕ್. ಮಾಸ್ಕ್ ಬಿಡಬೇಡಿ. ಪುಡಿ ಕಣ್ಣಿಗೆ ಕಾಣುವುದಕ್ಕಿಂತ ಜಾಸ್ತಿ ಗಾಳಿಯಲ್ಲಿ ಇರುತ್ತದೆ. ಉಳಿದ ಪುಡಿಯನ್ನು ಉಫ್ ಅಂತ ಊದಬೇಡಿ, ಕೆಳಗೆ ಹಾಸಿದ ಪೇಪರನ್ನೇ ಮಡಚಿ ಎಸೆಯಿರಿ. ಬ್ರಷ್ ತುದಿಯನ್ನು ಬಾಯಲ್ಲಿ ಚೂಪು ಮಾಡುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ.

ಪುಡಿ ಮಾಡುವುದು

ಉಪ್ಪು ಕಾಗದದ ಮೇಲೆ ಕಡ್ಡಿ ಉಜ್ಜಿ, ಕಾಗದ ಬಾಗಿಸಿ ಪುಡಿಯನ್ನು ಸಣ್ಣ ಡಬ್ಬಿಗೆ ಸುರಿಯಿರಿ. ಬ್ಲೇಡಿನಿಂದ ಕೆರೆದರೂ ಆಗುತ್ತದೆ, ಆದರೆ ಚೂರು ಬೀಳುತ್ತದೆ. ಚೂರು ಯಾಕೆ ಕೂಡದು ಅಂದರೆ ಲೆಕ್ಕ ಹಾಕಿ ನೋಡಿ: 1/35 ಅಳತೆಯಲ್ಲಿ ಒಂದು ಮಿಲಿಮೀಟರ್ ಚೂರು ಅಂದರೆ ನಿಜದಲ್ಲಿ ಮೂರೂವರೆ ಸೆಂಟಿಮೀಟರ್. ಅದು ಧೂಳಲ್ಲ, ಜಲ್ಲಿಕಲ್ಲು. ಬಾನೆಟ್ ಮೇಲೆ ಜಲ್ಲಿಕಲ್ಲು ಇಟ್ಟುಕೊಂಡು ಯಾರೂ ಓಡಿಸುವುದಿಲ್ಲ.

ಬಣ್ಣ ಬೆರೆಸಿದಾಗ ಡಬ್ಬಿಗೆ ಊರಿನ ಹೆಸರು ಬರೆದಿಡಿ, ನನಗೆ ಅದೇ ನೆನಪಿರುತ್ತದೆ. "ಮೂಡಿಗೆರೆ" ಅಂದರೆ ಎರಡು ಪಾಲು ಕಂದುಗೆಂಪು, ಒಂದು ಪಾಲು ಇಟ್ಟಿಗೆ ಕೆಂಪು, ಅರ್ಧ ಪಾಲು ಬಿಳಿ. "ಕಡೂರು" ಬಯಲಿನ ಒಣ ಧೂಳು: ಹಳದಿ ಮಣ್ಣಿನ ಬಣ್ಣ, ಅಷ್ಟೇ ಬಿಳಿ, ಚೂರು ಬೂದು. "ಅಜ್ಜಂಪುರ" ಎರೆಮಣ್ಣು: ಗಾಢ ಕಂದು, ಬೂದು, ಚಿಟಿಕೆ ಕಪ್ಪು. ಒಂದೇ ಜಿಲ್ಲೆಯಲ್ಲಿ ಇಷ್ಟು ಬಣ್ಣ ಇರುವಾಗ ಡಬ್ಬಿ ಮೇಲೆ ಯುರೋಪಿನ ಧೂಳು ಅಂತ ಬರೆದದ್ದು ಕೊಂಡು ಏನು ಮಾಡುವುದು, ಅಲ್ವಾ? ನಿಮ್ಮ ಗಾಡಿ ಎಲ್ಲಿ ಓಡುತ್ತದೆ ಅಂತ ಮೊದಲೇ ತೀರ್ಮಾನಿಸಿ. ನನ್ನದು ಮೂಡಿಗೆರೆ ಕಡೆ ತೋಟದ್ದು, ಪೇಟೆಗೆ ಬಂದು ಹೋಗುತ್ತದೆ. ಹಾಗಾಗಿ ಕೆಳಗೆ ಕೆಂಪು, ಮೇಲೆ ಟಾರು ರೋಡಿನ ಬೂದು ಧೂಳು.

ಮ್ಯಾಟ್ ಕೋಟ್, ಮತ್ತು ಜುಲೈ ತಿಂಗಳ ಕಥೆ

ಹೊಳೆಯುವ ಬಣ್ಣದ ಮೇಲೆ ಪುಡಿ ನಿಲ್ಲುವುದಿಲ್ಲ, ಜಾರಿಹೋಗುತ್ತದೆ. ಗಾಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದ ಹಾಗೆ. ಕರಿಹಲಗೆಗೆ ಇರುವ ಆ ಒರಟು ನಮಗೂ ಬೇಕು. ಆದ್ದರಿಂದ ಬಣ್ಣ ಪೂರ್ತಿ ಒಣಗಿದ ಮೇಲೆ ಇಡೀ ಮಾಡೆಲ್‌ಗೆ ಮ್ಯಾಟ್ ವಾರ್ನಿಷ್ ಒಂದು ಕೋಟ್ ಹೊಡೆದು, ಒಂದು ರಾತ್ರಿ ಬಿಡಿ. ಟಾಮಿಯಾದ ಟಿಎಸ್-80 ಸ್ಪ್ರೇ ಒಳ್ಳೆಯದು. ಇಲ್ಲವಾದರೆ ನೀರಿನಲ್ಲಿ ಕರಗುವ ಅಕ್ರಿಲಿಕ್ ಮ್ಯಾಟ್ ವಾರ್ನಿಷ್ ಬ್ರಷ್‌ನಲ್ಲಿ ತೆಳುವಾಗಿ ಬಳಿಯಿರಿ. ಗಾಜನ್ನು ಮೊದಲೇ ಟೇಪಿನಿಂದ ಮುಚ್ಚಿ, ಇಲ್ಲದಿದ್ದರೆ ಕಣ್ಣಿಗೆ ಪೊರೆ ಬಂದ ಹಾಗಾಗುತ್ತದೆ.

ಸ್ಪ್ರೇ ಮಾಡುವುದಾದರೆ ನಮ್ಮ ಊರಲ್ಲಿ ದಿನ ನೋಡಿ ಮಾಡಬೇಕು. ಒಂದು ಜುಲೈನಲ್ಲಿ, ಹೊರಗೆ ಬಿಡದೆ ಜಡಿಮಳೆ, ನನಗೆ ಆತುರ. ಜಗಲಿಗೆ ಬಂದು ಸ್ಪ್ರೇ ಹೊಡೆದೆ. ಐದು ನಿಮಿಷದಲ್ಲಿ ಹಸಿರು ಜೀಪು ಮೈತುಂಬಾ ವಿಭೂತಿ ಬಳಿದುಕೊಂಡು ಕೂತಿತ್ತು. ಗಾಳಿಯ ತೇವ ಒಣಗುತ್ತಿರುವ ವಾರ್ನಿಷ್‌ನಲ್ಲಿ ಸಿಕ್ಕಿಕೊಂಡು ಹೀಗೆ ಬಿಳಿಚುತ್ತದೆ. ಒರೆಸಿದರೆ ಹೋಗಲಿಲ್ಲ. ಒಂದು ಒಣ ಬಿಸಿಲಿನ ದಿನ ಕಾದು, ಅದೇ ಸ್ಪ್ರೇಯನ್ನು ತೆಳುವಾಗಿ ಇನ್ನೊಂದು ಸಲ ಹೊಡೆದಾಗ ಕೆಳಗಿನ ಪದರ ಕರಗಿ ಮುಕ್ಕಾಲು ಪಾಲು ಸರಿಹೋಯಿತು, ಕಾಲು ಪಾಲು ಇವತ್ತಿಗೂ ಮಡ್‌ಗಾರ್ಡಿನ ಮೇಲಿದೆ. ಅದನ್ನು ಈಗ ಧೂಳು ಅಂತ ಹೇಳಿಕೊಳ್ಳುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ರಷ್‌ನ ವಾರ್ನಿಷ್ಷೇ ಮೇಲು. ಚಳಿಗಾಲದ ಮಧ್ಯಾಹ್ನ ಸ್ಪ್ರೇಗೆ ಹೇಳಿ ಮಾಡಿಸಿದ್ದು; ಡಬ್ಬಿ ತಣ್ಣಗಿದ್ದರೆ ಕೈಗೆ ಹಿತವಾಗುವಷ್ಟು ಬೆಚ್ಚನೆ ನೀರಿನಲ್ಲಿ ಐದು ನಿಮಿಷ ಇಟ್ಟರೆ ಹನಿ ಸಣ್ಣಗೆ ಬರುತ್ತದೆ. ಒಲೆ ಹತ್ತಿರ ಒಯ್ಯಬೇಡಿ. ಕಿಟಕಿ ಮುಚ್ಚಿದ ಕೋಣೆಯಲ್ಲೂ ಬೇಡ.

ತುಕ್ಕು ಮೊದಲು, ಮಣ್ಣು ಆಮೇಲೆ

ಈ ಕ್ರಮ ಯಾಕೆ ಅಂದರೆ, ತುಕ್ಕು ಗಾಡಿಗೆ ಅಂಟಿದ್ದು, ಧೂಳು ಅದರ ಮೇಲೆ ಇವತ್ತು ಬೆಳಿಗ್ಗೆ ಬಂದು ಕೂತಿದ್ದು.

ಶುರುವಿಗೆ ಸಂದುಗಳು. ಅರ್ಧ ಚಮಚ ನೀರಿಗೆ ಗಾಢ ಕಂದು ಪುಡಿ ಒಂದು ಚಿಟಿಕೆ, ಹಲ್ಲುಕಡ್ಡಿಯ ತುದಿಯಲ್ಲಿ ಮುಟ್ಟಿಸಿದಷ್ಟು ಪಾತ್ರೆ ಲಿಕ್ವಿಡ್. ಸೋಪು ಇಲ್ಲದಿದ್ದರೆ ನೀರು ಕೆಸುವಿನ ಎಲೆ ಮೇಲಿನ ಹನಿ ಥರ ಉಂಡೆ ಕಟ್ಟುತ್ತದೆ, ಜಾಸ್ತಿಯಾದರೆ ನೊರೆ ಬಂದು ಒಣಗಿದಾಗ ಉಂಗುರ ಉಂಗುರ ಕಲೆ. ಇದನ್ನು ಸಣ್ಣ ಬ್ರಷ್‌ನಲ್ಲಿ ಬಾನೆಟ್ಟಿನ ಸಂದು, ಕೀಲು, ಬೋಲ್ಟಿನ ಸುತ್ತ ಮುಟ್ಟಿಸಿ, ಅದೇ ಹರಿದುಕೊಂಡು ಹೋಗುತ್ತದೆ. ಒಣಗಿದ ಮೇಲೆ ಹತ್ತಿ ಕಡ್ಡಿಯನ್ನು ನೀರಿಗೆ ಅದ್ದಿ, ಹಿಂಡಿ, ಮೇಲಿಂದ ಕೆಳಕ್ಕೆ ಒರೆಸಿ. ಅಡ್ಡಡ್ಡ ಒರೆಸಬೇಡಿ; ಮಳೆ ಅಡ್ಡಡ್ಡ ಹರಿಯುವುದಿಲ್ಲ.

ತುಕ್ಕಿಗೆ ಎರಡು ಬಣ್ಣ ಬೇಕು. ಹಳೇ ತುಕ್ಕು ಗಾಢ ಕಂದು, ಹೊಸದು ಕಿತ್ತಳೆ. ಗಾಢ ಕಂದು ಪುಡಿಯನ್ನು ನೀರಿನಲ್ಲಿ ಕಲಸಿ, ಹಲ್ಲುಕಡ್ಡಿಯಿಂದ ಅರ್ಧ ಎಳ್ಳಿನಷ್ಟು ಚುಕ್ಕೆ ಇಡಿ. ಅರ್ಧ ಎಳ್ಳು ಅಂದರೆ ನಿಜದ ಗಾಡಿಯಲ್ಲಿ ಐದು ಸೆಂಟಿಮೀಟರ್ ತುಕ್ಕು, ಅದು ಚಿಕ್ಕದೇನಲ್ಲ. ಒಣಗಿದ ಮೇಲೆ ಅದರ ನಡುವೆ ಕಿತ್ತಳೆ ಪುಡಿ ಒಣಗಿದ್ದನ್ನೇ ಬ್ರಷ್ ತುದಿಯಿಂದ ಒತ್ತಿ. ಕೆಲವು ಚುಕ್ಕೆಗಳಿಗೆ ಮಾತ್ರ, ಎಲ್ಲದಕ್ಕೂ ಅಲ್ಲ, ಸ್ವಲ್ಪ ಒದ್ದೆ ಇರುವ ಚಪ್ಪಟೆ ಬ್ರಷ್‌ನಿಂದ ಒಂದೇ ಎಳೆತದಲ್ಲಿ ಕೆಳಕ್ಕೆ ಗೆರೆ ಎಳೆಯಿರಿ. ಎರಡನೇ ಸಲ ಎಳೆದರೆ ಗೆರೆ ಹೋಗಿ ಪಟ್ಟಿ ಆಗುತ್ತದೆ. ಒಂದು ಬದಿಗೆ ನಾಲ್ಕು ಜಾಗದಲ್ಲಿ ತುಕ್ಕು ಸಾಕು. ಐದನೆಯದಕ್ಕೆ ಕೈ ಹೋಗುತ್ತದೆ. ಎದ್ದು ಹೋಗಿ ಕಾಫಿ ಕುಡಿದು ಬನ್ನಿ.

ನೀರಿನ ಬದಲು ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸುವವರಿದ್ದಾರೆ, ಬೇಗ ಒಣಗುತ್ತದೆ, ಪುಡಿಯನ್ನು ಚೆನ್ನಾಗಿ ಹಿಡಿಸುತ್ತದೆ. ಆದರೆ ಕೆಳಗೆ ಅಕ್ರಿಲಿಕ್ ಬಣ್ಣ ಇದ್ದರೆ ಅದನ್ನೂ ಮೆತ್ತಗೆ ಮಾಡಿ ಎಬ್ಬಿಸಬಹುದು. ಮೊದಲು ಗಾಡಿಯ ಹೊಟ್ಟೆ ಕಡೆ ಪರೀಕ್ಷೆ ಮಾಡಿ. ಕೈಗೆ ಹಾಕುವ ಸ್ಯಾನಿಟೈಸರ್ ಜೆಲ್ ನಡೆಯುವುದಿಲ್ಲ, ಅಂಟಂಟು.

ಪಾಚಿಗೆ ಮಂಕು ಹಸಿರಿಗೆ ಚೂರು ಕಂದು ಬೆರೆಸಿ, ಗಾಜಿನ ಕೆಳಗಿನ ರಬ್ಬರ್ ಹತ್ತಿರ, ಟಾರ್ಪಾಲಿನ ಮಡಿಕೆಯ ಒಳಗೆ, ಹಿಂದೆ ಸ್ಟೆಪ್ನಿ ಕೂರುವ ಜಾಗದಲ್ಲಿ. ನೀರು ನಿಂತು ಬಿಸಿಲು ಬೀಳದ ಕಡೆ ಮಾತ್ರ. ನೋಡಿದವರಿಗೆ ಹಸಿರು ಇದೆ ಅಂತ ತಕ್ಷಣ ಗೊತ್ತಾದರೆ ಜಾಸ್ತಿಯಾಗಿದೆ ಅಂತ ಅರ್ಥ.

ಇಷ್ಟಾದ ಮೇಲೆ ಒಂದು ತೆಳು ಮ್ಯಾಟ್ ಕೋಟ್, ಈ ಸಲ ಸ್ಪ್ರೇಯೇ ಆಗಬೇಕು. ಬ್ರಷ್ ತಾಗಿಸಿದರೆ ಮಾಡಿದ್ದೆಲ್ಲ ಕಲಸಿಹೋಗುತ್ತದೆ. ಮಳೆಗಾಲವಾದರೆ ಕೋಟ್ ಬಿಟ್ಟು ಮುಂದಕ್ಕೆ ಹೋಗಿ, ಕೈ ಹಗುರ ಇರಲಿ.

ಕೆಸರು

ಕೆಸರಿಗೆ ಮೂಡಿಗೆರೆ ಪುಡಿ, ಸೋಸಿದ ಮಣ್ಣು ಸ್ವಲ್ಪ, ಬ್ರಷ್‌ನ ಮ್ಯಾಟ್ ವಾರ್ನಿಷ್ ಎರಡು ಹನಿ: ರಾಗಿ ಅಂಬಲಿಯ ಹದಕ್ಕೆ. ಮುದ್ದೆ ಹದ ಆದರೆ ಒಣಗಿದ ಮೇಲೆ ಬಿರುಕು ಬಿಟ್ಟು ಉದುರುತ್ತದೆ. ಮಡ್‌ಗಾರ್ಡಿನ ಒಳಗೆ, ಆಕ್ಸಲ್, ಸ್ಪ್ರಿಂಗ್ ಪಟ್ಟಿ, ಚಕ್ರದ ಒಳಮೈಗೆ ಹಚ್ಚಿ. ಚಕ್ರದ ಹಿಂದಿನ ಬೀಸಣಿಗೆಗೆ, ಅದನ್ನೇ ಇನ್ನೂ ತೆಳು ಮಾಡಿ, ಗಡಸು ಬ್ರಷ್‌ಗೆ ತಾಗಿಸಿ, ಕೂದಲನ್ನು ಹಲ್ಲುಕಡ್ಡಿಯಿಂದ ಹಿಂದಕ್ಕೆ ಎಳೆದು ಬಿಡಿ. ಚುಕ್ಕೆ ಹಾರಿ ಹಾರಿ ಬೀಳುತ್ತದೆ. ಮೊದಲು ಪೇಪರ್ ಮೇಲೆ ಎರಡು ಸಲ ಹಾರಿಸಿ, ಮೊದಲ ಹನಿ ಯಾವಾಗಲೂ ದೊಡ್ಡದು.

ಟೈರಿಗೆ ಪೂರ್ತಿ ಮಣ್ಣುನೀರು ಬಳಿದು, ಒಣಗುವ ಮೊದಲೇ ಹಳೇ ಬನಿಯನ್ ಬಟ್ಟೆಯ ಮೇಲೆ ಉರುಳಿಸಿ. ಗಾಡಿ ಟಾರು ರೋಡಿಗೆ ಬಂದಾಗ ಆಗುವುದೂ ಇದೇ: ಗುಂಡಿಯಲ್ಲಿ ಮಣ್ಣು ಉಳಿದು, ನೆಲ ಮುಟ್ಟುವ ಉಬ್ಬು ಕಪ್ಪಾಗುತ್ತದೆ. ಡ್ರೈವರ್ ಕಾಲಿಡುವ ಜಾಗಕ್ಕೆ ಸ್ವಲ್ಪ ಕೆಸರು. ಎಲ್ಲರೂ ಮರೆಯುವ ಜಾಗ ಇದು.

ಧೂಳು, ಹೊಗೆ, ಉಜ್ಜಿದ ಜಾಗ

ಈಗ ಒಣ ಪುಡಿ. ಮೆತ್ತನೆ ಬ್ರಷ್ ಪೂರ್ತಿ ಒಣಗಿರಲಿ, ತೇವ ಇದ್ದರೆ ಪುಡಿ ಮುದ್ದೆಯಾಗಿ ಕಲೆ ಬೀಳುತ್ತದೆ. ಬ್ರಷ್‌ಗೆ ಪುಡಿ ಹತ್ತಿಸಿ, ಡಬ್ಬಿಯ ಅಂಚಿಗೆ ತಟ್ಟಿ ಉದುರಿಸಿ, ಆಮೇಲೆ ಗಾಡಿಗೆ. ಕೆಳಗಿಂದ ಶುರು ಮಾಡಿ ಮೇಲೆ ಹೋಗುತ್ತಾ ಕಡಿಮೆ ಮಾಡಿ. ಸೊಂಟದ ಮಟ್ಟದವರೆಗೆ ಮೂಡಿಗೆರೆ ಕೆಂಪು, ಅದರ ಮೇಲೆ ಬೂದು ಧೂಳು, ಎರಡು ಸೇರುವ ಕಡೆ ಸ್ವಚ್ಛ ಬ್ರಷ್‌ನಿಂದ ಗುಂಡಗೆ ತಿರುಗಿಸಿದರೆ ಗೆರೆ ಕಾಣುವುದಿಲ್ಲ. ಬಾನೆಟ್ ಮೇಲೆ ಅಂಚುಗಳಿಗೆ ಹಾಕಿ ನಡುವೆ ಬೆರಳಿಗೆ ಬಟ್ಟೆ ಸುತ್ತಿ ಒರೆಸಿ.

ಬರಿ ಬೆರಳಲ್ಲಿ ಮಾತ್ರ ಮುಟ್ಟಬೇಡಿ. ನಮ್ಮ ಅಕ್ಕನ ಮಗ "ಮಾಮ, ಸೂಪರ್" ಅಂತ ಹೇಳಿ ಬಾನೆಟ್ ಮೇಲೆ ಹೆಬ್ಬೆರಳು ಒತ್ತಿದ. ಅಚ್ಚು ಹಾಗೇ ಕೂತಿತು. 1/35 ಲೆಕ್ಕದಲ್ಲಿ ಅರ್ಧ ಮೀಟರ್ ಅಗಲದ ಹೆಬ್ಬೆರಳು. ಬೆರಳಿನ ಎಣ್ಣೆ ಹತ್ತಿದ ಕಡೆ ಮೇಲೆ ಎಷ್ಟು ಪುಡಿ ಹಾಕಿದರೂ ಗೆರೆ ಎದ್ದು ಕಾಣುತ್ತದೆ, ಸೋಪು ನೀರಿನಲ್ಲಿ ಆ ಜಾಗ ತೊಳೆದು ಮತ್ತೆ ಮಾಡಬೇಕಾಯಿತು.

ಸೈಲೆನ್ಸರ್ ಬಾಯಿಗೆ ಕಪ್ಪು ಪುಡಿ, ಅದರ ಹಿಂದಿನ ತಗಡಿಗೂ ತೆಳುವಾಗಿ ಹೊಗೆಯ ನೆರಳು. ಕಪ್ಪು ಪೇಸ್ಟಲ್ ಇಲ್ಲದಿದ್ದರೆ ಇದ್ದಿಲು ತೇಯ್ದರೂ ಆಗುತ್ತದೆ. ಪೈಪಿನ ಮೈಗೆ ಕಂದು ಮತ್ತು ಕಿತ್ತಳೆ, ಇಲ್ಲಿ ಮಾತ್ರ ಧಾರಾಳವಾಗಿ ಹಾಕಬಹುದು. ಡ್ರೈವರ್ ಹತ್ತುವ ಕಡೆಯ ಅಂಚಿಗೆ, ಹಿಂದಿನ ಬಾಗಿಲಿನ ಮೇಲಂಚಿಗೆ, ಅಂದರೆ ಕಾಫಿ ಮೂಟೆ ಎಳೆದು ಎಳೆದು ಬಣ್ಣ ಹೋದ ಜಾಗಕ್ಕೆ, 6ಬಿ ಪೆನ್ಸಿಲ್ ಉಜ್ಜಿ. ಸೀಸದ ಆ ಹೊಳಪು ತಗಡಿನ ಹೊಳಪೇ. ಗಾಜಿಗೆ, ಮುಚ್ಚಿದ ಟೇಪು ತೆಗೆದ ಮೇಲೆ, ವೈಪರ್ ತಿರುಗುವಷ್ಟು ಅರ್ಧಚಂದ್ರವನ್ನು ಹಳದಿ ಸ್ಟಿಕ್ಕಿ ನೋಟಿನಿಂದ ಕತ್ತರಿಸಿ ಅಂಟಿಸಿ, ಸುತ್ತ ಧೂಳು ಹಾಕಿ, ಕಿತ್ತುಬಿಡಿ.

ನನಗೆ ತುಂಬಾ ಇಷ್ಟವಾದ ಒಂದು ಕೆಲಸ ಇಲ್ಲಿದೆ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿಗೆ ಹೂಮಳೆ ಬಂದಾಗ ಧೂಳು ಹಿಡಿದ ಗಾಡಿ ನೋಡಿದ್ದೀರಾ? ಹತ್ತು ನಿಮಿಷ ಮಳೆ, ತೊಳೆಯುವಷ್ಟಿಲ್ಲ, ಬಾನೆಟ್ ತುಂಬಾ ಚುಕ್ಕೆ ಬಿದ್ದು ಚುಕ್ಕೆಯ ಸುತ್ತ ಧೂಳಿನ ಉಂಗುರ. ಮಾಡೆಲ್ ಮೇಲೂ ಹಾಗೇ ಮಾಡಬಹುದು. ಒಣ ಧೂಳು ಹಾಕಿದ ಮೇಲೆ ಟೂತ್‌ಬ್ರಷ್ ನೀರಿಗೆ ಅದ್ದಿ, ಚೆನ್ನಾಗಿ ಕೊಡವಿ, ಒಂದು ಮೊಳ ದೂರದಿಂದ ಹೆಬ್ಬೆರಳಲ್ಲಿ ಒಂದೇ ಸಲ ಕೂದಲು ಎಳೆದು ಬಿಡಿ. ಹನಿ ಬಿದ್ದ ಕಡೆ ಪುಡಿ ಅಂಚಿಗೆ ಸರಿದು, ಒಣಗಿದಾಗ ಸಣ್ಣ ಉಂಗುರ ಕೂರುತ್ತದೆ. ಹನಿ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣದಿರಬೇಕು. ಹತ್ತಿರದಿಂದ ಹೊಡೆದರೆ ತೆಂಗಿನಕಾಯಿ ಗಾತ್ರದ ಮಳೆ ಬಿದ್ದಂತಾಗುತ್ತದೆ. ನಾನು ಹಳೇ ನೀರಿನ ಬಾಟಲಿ ಮುಚ್ಚಳಕ್ಕೆ ಬಣ್ಣ ಹೊಡೆದು ಹತ್ತು ಸಲ ಪ್ರಯೋಗ ಮಾಡಿದ ಮೇಲೆ ಜೀಪಿಗೆ ಕೈ ಹಾಕಿದೆ.

ಮೇಲೆ ವಾರ್ನಿಷ್ ಬೇಕೇ?

ಈ ವಿಷಯದಲ್ಲಿ ಜಗಳವೇ ಇದೆ. ವಾರ್ನಿಷ್ ಹೊಡೆಯದಿದ್ದರೆ ಪುಡಿ ನಿಲ್ಲುವುದಿಲ್ಲ, ಹೊಡೆದರೆ ಕಾಣುವುದಿಲ್ಲ. ಎರಡು ಗಂಟೆ ಕೂತು ಹಾಕಿದ ತಿಳಿ ಧೂಳು ಸ್ಪ್ರೇ ಬಿದ್ದ ಕ್ಷಣಕ್ಕೆ ಮಾಯ. ಗೋಡೆಗೆ ಸುಣ್ಣ ಹೊಡೆಯುವುದನ್ನು ನೆನಪಿಸಿಕೊಳ್ಳಿ. ಒದ್ದೆ ಇರುವಾಗ ಹೊಡೆದದ್ದೇ ಗೊತ್ತಾಗುವುದಿಲ್ಲ, ನೀರು ಆರಿದ ಮೇಲೆ ಬೆಳ್ಳಗಾಗುತ್ತದೆ. ಕಣಗಳ ನಡುವೆ ಗಾಳಿ ಇದ್ದರೆ ಬೆಳಕು ಚದುರಿ ಬಿಳಿ ಕಾಣುತ್ತದೆ. ಆ ಜಾಗಕ್ಕೆ ನೀರೋ ವಾರ್ನಿಷ್ಷೋ ತುಂಬಿಕೊಂಡರೆ ಬೆಳಕು ಸೀದಾ ಹಾದುಹೋಗಿ ಕೆಳಗಿನ ಬಣ್ಣ ಕಾಣುತ್ತದೆ. ನೀರು ಆರುತ್ತದೆ, ವಾರ್ನಿಷ್ ಅಲ್ಲೇ ಉಳಿಯುತ್ತದೆ, ವ್ಯತ್ಯಾಸ ಅಷ್ಟೇ. ಸೀಮೆಸುಣ್ಣ ಜಾಸ್ತಿ ಇರುವ ತಿಳಿ ಬಣ್ಣಗಳಿಗೆ ಈ ಪಾಡು. ಕೆಂಪು ಆಕ್ಸೈಡ್, ಗಾಢ ಕಂದು, ಕಪ್ಪು ಅಷ್ಟಾಗಿ ಹೋಗುವುದಿಲ್ಲ, ಸ್ವಲ್ಪ ಗಾಢವಾಗುತ್ತವೆ.

ನಾನು ಮಾಡುವುದು ಹೀಗೆ. ಕೈಯಲ್ಲಿ ಹಿಡಿಯುವ ಜಾಗ, ಅಂದರೆ ಬದಿಗಳು, ಹೊಟ್ಟೆ, ಚಕ್ರ, ಇವಕ್ಕೆ ವಾರ್ನಿಷ್. ಅಲ್ಲಿ ಪುಡಿಯನ್ನು ಬೇಕಾದದ್ದಕ್ಕಿಂತ ಒಂದೂವರೆ ಪಟ್ಟು ಹಾಕಿ, ಒಂದು ಅಡಿ ದೂರದಿಂದ ಮಂಜು ಬಿದ್ದ ಹಾಗೆ ಸ್ಪ್ರೇ ಮಾಡಿ, ಐದು ನಿಮಿಷ ಬಿಟ್ಟು ಇನ್ನೊಂದು ಸಲ. ಹತ್ತಿರದಿಂದ ಹೊಡೆದರೆ ಗಾಳಿಯ ರಭಸಕ್ಕೇ ಪುಡಿ ಹಾರಿಹೋಗುತ್ತದೆ. ಬಾನೆಟ್, ಟಾಪ್, ಗಾಜಿನ ಧೂಳನ್ನು ವಾರ್ನಿಷ್ ಆದ ಮೇಲೆ ಕೊನೆಗೆ ಹಾಕಿ ಹಾಗೇ ಬಿಡುತ್ತೇನೆ, ಮೊದಲೇ ಹಾಕಿದ್ದರೆ ಸ್ಪ್ರೇ ಆ ಕಡೆಗೆ ಹೋಗಬಾರದು. ಹೂಮಳೆ ಚುಕ್ಕೆಯೂ ಅದರ ಜೊತೆಗೇ. ಮುಟ್ಟದಿದ್ದರೆ ವರ್ಷಗಟ್ಟಲೆ ಇರುತ್ತದೆ.

ಮುಟ್ಟದೆ ಇಡುವುದು ಅಂದರೆ ಪೆಟ್ಟಿಗೆ ಬೇಕು. ಸ್ವೀಟ್ ಅಂಗಡಿಯ ಪಾರದರ್ಶಕ ಮುಚ್ಚಳದ ಡಬ್ಬಿ ಸಾಕು, ತುಪ್ಪದ ಜಿಡ್ಡು ಹೋಗುವಷ್ಟು ತೊಳೆದು ಒಣಗಿಸಿರಬೇಕು. ಗಾಡಿಯ ಚಕ್ರವನ್ನು ತಳದ ಹಲಗೆಗೆ ಒಂದೊಂದು ಹನಿ ಗಮ್ಮಿನಿಂದ ಅಂಟಿಸಿ, ಇನ್ನು ಮೇಲೆ ಎತ್ತುವುದೆಲ್ಲ ಹಲಗೆ ಹಿಡಿದೇ. ಚಪ್ಪಲಿ ಡಬ್ಬಿಯಲ್ಲಿ ಬರುತ್ತದಲ್ಲ, ಸಿಲಿಕಾ ಜೆಲ್ ಚೀಲ, ಎರಡು ಒಳಗೆ ಹಾಕಿ. ಮೇ ಕೊನೆಗೆ ಅದನ್ನು ಬದಲಾಯಿಸಿ. ಮಳೆ ಶುರುವಾದ ಮೇಲೆ ಮುಚ್ಚಳ ತೆಗೆಯಬೇಡಿ, ಯಾರಾದರೂ ನೋಡಬೇಕು ಅಂದರೆ ಮುಚ್ಚಳದ ಮೇಲಿಂದಲೇ ನೋಡಲಿ. ಅಕ್ಕನ ಮಗನಿಗೂ ಇದೇ ಹೇಳಿದ್ದೇನೆ.